ಬೆಹರ್: ಯೆಹೂದ್ಯರ ವಾರದ ತೋರಾ ಪಾಠ

ಯೆಹೂದ್ಯರು ತಮ್ಮ ಪ್ರಾರ್ಥನಾಮಂದಿರವಾದ ಸಿನಗಾಗಿನಲ್ಲಿ ವಾರಕ್ಕೊಂದರಂತೆ ಓದುವ ತೋರಾ ಪಾಠಗಳಲ್ಲಿ ಬೆಹರ್ 32ನೆಯದು. ಯಾಜಕಕಾಂಡದ 25ನೆಯ ಅಧ್ಯಾಯ ಪೂರ್ತಿಯಾಗಿ ಇದರಲ್ಲಿದೆ. 26ನೆಯ ಅಧ್ಯಾಯದ ಮೊದಲ ಎರಡು ವಚನಗಳೂ ಸೇರಿ ಒಟ್ಟು 57 ವಚನಗಳು. ಪಾಠದ ಆರಂಭದಲ್ಲಿ ಬರುವ ಮುಖ್ಯ ಪದವನ್ನೇ ಅದರ ಹೆಸರಾಗಿ ಇಟ್ಟುಕೊಳ್ಳುವುದು ರೂಢಿ. ಹೀಬ್ರೂವಿನಲ್ಲಿ ಬೆಹರ್ ಎಂದರೆ ‘ಬೆಟ್ಟದಲ್ಲಿ’. ಆ ಬೆಟ್ಟ ಸೀನಾಯಿ. ಹೆಸರು ಬೆಟ್ಟದ್ದಾದರೂ ಒಳಗಿನ ಮಾತೆಲ್ಲ ಹೊಲದ್ದು, ಸಾಲದ್ದು, ಜೀತದ್ದು. ನೆಲದ ಮಾರಾಟಕ್ಕೂ ಮನುಷ್ಯನ ಜೀತಕ್ಕೂ ಒಂದು ಕೊನೆಯ ದಿನ ಇರಬೇಕು, ಆ ದಿನವನ್ನು ರಾಜನ ಮರ್ಜಿಗಾಗಲಿ ಸಾಹುಕಾರನ ಕರುಣೆಗಾಗಲಿ ಬಿಡದೆ ಪಂಚಾಂಗವೇ ಗೊತ್ತುಮಾಡಬೇಕು ಎಂಬ ವಿಚಾರವನ್ನು ಇಷ್ಟು ನೇರವಾಗಿ ಹೇಳಿದ ಪ್ರಾಚೀನ ಬರಹಗಳು ವಿರಳ.

ತೋರಾ ಎಂದರೆ ಮೋಶೆಯ ಐದು ಕಾಂಡಗಳು. ಅವನ್ನು 54 ಪಾಠಗಳಾಗಿ ವಿಂಗಡಿಸಿ ವರ್ಷಕ್ಕೊಮ್ಮೆ ಓದಿ ಮುಗಿಸುವ ಪದ್ಧತಿ ಬ್ಯಾಬಿಲೋನಿನ ಯೆಹೂದ್ಯರಿಂದ ಬಂದದ್ದು. ಹಿಂದೆ ಪ್ಯಾಲೆಸ್ತೀನಿನಲ್ಲಿ ಇದೇ ಓದು ಮೂರು ವರ್ಷಕ್ಕೂ ಮೇಲ್ಪಟ್ಟು ಸಾಗುತ್ತಿತ್ತು. ಶನಿವಾರ ಬೆಳಗ್ಗೆ ಚರ್ಮದ ಸುರುಳಿಯನ್ನು ಬಿಚ್ಚಿ, ಏಳು ಮಂದಿಯನ್ನು ಒಬ್ಬೊಬ್ಬರಾಗಿ ವೇದಿಕೆಗೆ ಕರೆದು, ಗೊತ್ತಾದ ಧಾಟಿಯಲ್ಲಿ ಓದುತ್ತಾರೆ. ಸುರುಳಿಯಲ್ಲಿ ಸ್ವರಚಿಹ್ನೆಗಳೂ ಇಲ್ಲ, ರಾಗದ ಗುರುತುಗಳೂ ಇಲ್ಲ. ಓದುವವನು ಅವನ್ನು ಕಲಿತೇ ಬರಬೇಕು. ನಮ್ಮ ಚಾಂದ್ರಮಾನ ಪಂಚಾಂಗದ ಹಾಗೆ ಹೀಬ್ರೂ ಪಂಚಾಂಗಕ್ಕೂ ಅಧಿಕಮಾಸ ಉಂಟು, 19 ವರ್ಷಗಳಲ್ಲಿ ಏಳು ಬಾರಿ. ಅಧಿಕಮಾಸದ ವರ್ಷದಲ್ಲಿ ಬೆಹರ್ ಸಾಮಾನ್ಯವಾಗಿ ಒಂಟಿಯಾಗಿ ಬರುತ್ತದೆ. ಉಳಿದ ವರ್ಷಗಳಲ್ಲಿ ಮುಂದಿನ ಪಾಠವಾದ ಬೆಹುಕೊತಾಯ್ ಜೊತೆ ಸೇರಿಸಿ ಓದುವುದೇ ಹೆಚ್ಚು. ಕಾಲ ಸುಮಾರಾಗಿ ಮೇ ತಿಂಗಳು.

ಮೊದಲ ವಚನದಲ್ಲೇ ವ್ಯಾಖ್ಯಾನಕಾರರಿಗೆ ಒಂದು ತೊಡಕು ಎದುರಾಗುತ್ತದೆ. ಯಾಜಕಕಾಂಡದ ನಿಯಮಗಳು ಬಹುಮಟ್ಟಿಗೆ ದೇವದರ್ಶನದ ಗುಡಾರದಿಂದ ಹೊರಟಂತೆ ಹೇಳಿದೆ. ಹೊಲವನ್ನು ಬೀಳು ಬಿಡುವ ನಿಯಮಕ್ಕೆ ಮಾತ್ರ ಇದ್ದಕ್ಕಿದ್ದಂತೆ ಸೀನಾಯಿಯ ಹೆಸರು ಏಕೆ? 11ನೆಯ ಶತಮಾನದ ಫ್ರಾನ್ಸಿನ ವ್ಯಾಖ್ಯಾನಕಾರ ರಾಶಿ ಹಳೆಯ ಮಿದ್ರಾಶ್ (ಶಾಸ್ತ್ರವ್ಯಾಖ್ಯಾನ) ಒಂದನ್ನು ಅನುಸರಿಸಿ ಈ ಪ್ರಶ್ನೆಯನ್ನು ಎತ್ತುತ್ತಾನೆ. ಹೊಲದ ನಿಯಮದ ಸಣ್ಣಪುಟ್ಟ ವಿವರಗಳೂ ಬೆಟ್ಟದಲ್ಲೇ ಕೊಟ್ಟವು, ಉಳಿದ ಎಲ್ಲ ಆಜ್ಞೆಗಳ ವಿವರಗಳೂ ಹಾಗೆಯೇ ಎಂದು ತಿಳಿಯಬೇಕು ಎಂಬುದು ಅವನ ಉತ್ತರ. ಒಂದಕ್ಕೊಂದು ಸಂಬಂಧವಿಲ್ಲದ ಎರಡನ್ನು ಜೋಡಿಸಿದಾಗ, ಬೀಳು ಬಿಟ್ಟ ಹೊಲಕ್ಕೂ ಸೀನಾಯಿಗೂ ಏನು ನಂಟು ಎಂದು ಕೇಳುವುದು ಹೀಬ್ರೂ ಮಾತಿನಲ್ಲಿ ಗಾದೆಯಾಗಿಯೇ ಬಳಕೆಗೆ ಬಂದಿದೆ.

ಪಾಠದ ಮೊದಲ ವಿಷಯ ಏಳನೆಯ ವರ್ಷ. ಹೀಬ್ರೂವಿನಲ್ಲಿ ಇದಕ್ಕೆ ಶ್ಮಿತಾ, ಅಂದರೆ ‘ಕೈಬಿಡುವುದು’ ಎಂಬ ಹೆಸರು ನಿಂತಿದೆ. ಆರು ವರ್ಷ ಬಿತ್ತಬೇಕು, ದ್ರಾಕ್ಷಿ ತೋಟದ ಬಳ್ಳಿ ಸವರಬೇಕು, ಫಸಲು ಕೂಡಿಡಬೇಕು. ಏಳನೆಯ ವರ್ಷ ಉಳುಮೆಯೂ ಇಲ್ಲ, ಬಿತ್ತನೆಯೂ ಇಲ್ಲ. ಮನುಷ್ಯನಿಗೆ ಏಳನೆಯ ದಿನ ಸಬ್ಬತ್ ಎಂಬ ಬಿಡುವು ಇರುವಂತೆ ನೆಲಕ್ಕೆ ಏಳನೆಯ ವರ್ಷ ಸಬ್ಬತ್. ಉದುರಿದ ಕಾಳಿನಿಂದ ತಾನಾಗಿ ಮೊಳೆತದ್ದನ್ನು ಹೊಲದ ಒಡೆಯ ಕಣಜಕ್ಕೆ ತುಂಬಿಕೊಳ್ಳುವಂತಿಲ್ಲ. ಅದು ಅವನಿಗೂ ಅವನ ಆಳಿಗೂ ಕೂಲಿಯವನಿಗೂ ಊರಲ್ಲಿ ನೆಲೆಸಿದ ಪರದೇಶಿಗೂ ಸಮವಾಗಿ ಸಲ್ಲಬೇಕು. ಪಟ್ಟಿ ಅಲ್ಲಿಗೇ ನಿಲ್ಲುವುದಿಲ್ಲ. ಮನೆಯ ದನಕರುಗಳಿಗೂ ಕಾಡಿನ ಮೃಗಗಳಿಗೂ ಅದರಲ್ಲಿ ಪಾಲು ಉಂಟು. ಒಂದು ವರ್ಷದ ಮಟ್ಟಿಗೆ ಹೊಲದ ಬೇಲಿಗೆ ಅರ್ಥವೇ ಇಲ್ಲದಂತಾಗುತ್ತದೆ.

ಇದನ್ನು ಬರೀ ಬೇಸಾಯದ ಜಾಣತನ ಎಂದು ನೋಡಿದವರೂ ಇದ್ದಾರೆ. 12ನೆಯ ಶತಮಾನದ ತತ್ತ್ವಜ್ಞಾನಿ ಮೈಮೊನಿಡಿಸ್ ಈ ನಿಯಮಗಳಲ್ಲಿ ಬಡವರ ಮೇಲಿನ ಕರುಣೆಯ ಜೊತೆಗೆ ನೆಲ ಚೇತರಿಸಿಕೊಂಡು ಫಲವತ್ತಾಗುವ ಲಾಭವನ್ನೂ ಕಂಡ. ಪ್ರಾಗ್ ನಗರದಲ್ಲಿದ್ದ ರಬ್ಬಿ (ಯೆಹೂದ್ಯ ಧರ್ಮಗುರು) ಶ್ಲೋಮೊ ಎಫ್ರಾಯಿಮ್ ಲುಂಟ್ಶಿಟ್ಸ್ ಈ ಕಾರಣವನ್ನು ಒಪ್ಪಲಿಲ್ಲ. ಬೆಹುಕೊತಾಯ್ ಪಾಠದಲ್ಲಿ ಏಳನೆಯ ವರ್ಷವನ್ನು ಆಚರಿಸದವರಿಗೆ ದೇಶಭ್ರಷ್ಟತೆಯ ಶಿಕ್ಷೆ ಹೇಳಿದೆ. ಹೊಲಕ್ಕೆ ಸಾರ ಕಡಿಮೆಯಾದದ್ದಕ್ಕೆ ಅಷ್ಟು ದೊಡ್ಡ ದಂಡನೆಯೇ ಎಂಬುದು ಅವನ ವಾದ. ನೆಲ ನನ್ನದು, ಬೆಳೆ ನನ್ನ ತೋಳಬಲದ್ದು ಎಂಬ ಭಾವ ರೈತನಲ್ಲಿ ಬೇರೂರದಿರಲಿ ಎಂಬುದೇ ಉದ್ದೇಶ ಎಂದು ಅವನು ತಿಳಿದ. ಪಾಠದ ಒಳಗಿನ ಸಾಕ್ಷ್ಯ ಇವನ ಕಡೆಗೇ ವಾಲುತ್ತದೆ. ಸಾರಕ್ಕಾಗಿಯೇ ಆಗಿದ್ದರೆ ಹೊಲಗಳನ್ನು ಸರದಿಯ ಮೇಲೆ ಬೀಳು ಬಿಟ್ಟರೂ ಸಾಕಿತ್ತು. ಇಡೀ ನಾಡು ಒಂದೇ ವರ್ಷ ನೇಗಿಲು ಕೆಳಗಿಡಬೇಕು ಎಂಬಲ್ಲಿ ಬೇರೆಯೇ ಆಶಯ ಇದೆ. ಹಾಗಾದರೆ ಏಳನೆಯ ವರ್ಷ ಉಣ್ಣುವುದೇನು ಎಂದು ರೈತ ಕೇಳುವ ಪ್ರಶ್ನೆಯನ್ನೂ ಪಾಠವೇ ಎತ್ತಿಕೊಂಡು, ಆರನೆಯ ವರ್ಷದ ಬೆಳೆ ಮೂರು ವರ್ಷಕ್ಕೆ ಸಾಲುವಷ್ಟಾಗುತ್ತದೆ ಎಂದು ಭರವಸೆ ಕೊಡುತ್ತದೆ. ಆ ಭಯವನ್ನು ಮುಚ್ಚಿಡದೆ ಬಾಯಿಬಿಟ್ಟು ಹೇಳಿರುವುದು ಈ ಭಾಗದ ದೊಡ್ಡ ಪ್ರಾಮಾಣಿಕತೆ.

ಏಳು ವರ್ಷಗಳ ಏಳು ಸುತ್ತು ಮುಗಿದರೆ 49. ಅದರ ಮೇಲಿನ 50ನೆಯ ವರ್ಷ ಯೊವೆಲ್. ಪ್ರಾಯಶ್ಚಿತ್ತದ ದಿನ ಕೊಂಬನ್ನು ಊದಿ ನಾಡಿನಲ್ಲೆಲ್ಲ ಬಿಡುಗಡೆಯನ್ನು ಸಾರಬೇಕು. ಮಾರಿಕೊಂಡ ಹೊಲ ಮೂಲ ಮನೆತನಕ್ಕೆ ಮರಳುತ್ತದೆ, ಮಾರಿಕೊಂಡ ಮನುಷ್ಯ ತನ್ನ ಕುಲಕ್ಕೆ ಮರಳುತ್ತಾನೆ. ಯೊವೆಲ್ ಎಂದರೆ ಟಗರು, ಅದರ ಕೊಂಬು. ಗ್ರೀಕ್, ಲ್ಯಾಟಿನ್, ಇಂಗ್ಲಿಷ್ ದಾಟಿ ಕನ್ನಡಕ್ಕೆ ಬರುವಷ್ಟರಲ್ಲಿ ಅದು ಜುಬಿಲಿ ಆಯಿತು. ಧಾರವಾಡದ ಜುಬಿಲಿ ಸರ್ಕಲ್ಲಿನಲ್ಲಿ ಬಸ್ಸಿಗೆ ಕಾಯುವವರ ಬಾಯಲ್ಲೂ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿ ಹಬ್ಬಕ್ಕೆಂದು 1927ರಲ್ಲಿ ಮೈಸೂರಿನಲ್ಲಿ ಕಟ್ಟಿದ ದೊಡ್ಡ ಗಡಿಯಾರದ ಇಂಗ್ಲಿಷ್ ಹೆಸರಿನಲ್ಲೂ ಆ ಟಗರಿನ ಕೊಂಬು ಉಳಿದಿದೆ. ಅರಸರ, ಸಂಘಸಂಸ್ಥೆಗಳ ವರ್ಷ ಎಣಿಸುವ ಪದವಾಗುವ ಮೊದಲು ಅದು ಸಾಲದಲ್ಲಿ ಮುಳುಗಿದವನು ಕಿವಿಗೊಟ್ಟು ಕಾಯುವ ಸದ್ದಾಗಿತ್ತು.

ಯೊವೆಲ್ ಇರುವ ಕಡೆ ನೆಲದ ಕ್ರಯ ಎಂಬ ಮಾತಿನ ಅರ್ಥವೇ ಬದಲಾಗುತ್ತದೆ. ಮುಂದಿನ ಯೊವೆಲ್‌ಗೆ ಇನ್ನು ಎಷ್ಟು ಬೆಳೆ ಉಳಿದಿದೆ ಎಂದು ಎಣಿಸಿ ಬೆಲೆ ಕಟ್ಟಬೇಕು. ವರ್ಷ ಹೆಚ್ಚು ಉಳಿದಿದ್ದರೆ ಬೆಲೆ ಹೆಚ್ಚು, ಕಡಿಮೆ ಇದ್ದರೆ ಕಡಿಮೆ. ಮಾರುವುದು ಬೆಳೆಗಳ ಲೆಕ್ಕವನ್ನೇ ಹೊರತು ಮಣ್ಣನ್ನಲ್ಲ. ನಮ್ಮ ಹಳ್ಳಿಗಳಲ್ಲಿ ಹೊಲವನ್ನು ಭೋಗ್ಯಕ್ಕೆ ಹಾಕುವ ವ್ಯವಹಾರ ಬಲ್ಲವರಿಗೆ ಇದರ ಹೊಳಹು ಬೇಗ ಹತ್ತುತ್ತದೆ. ಅಲ್ಲಿ ಅವಧಿ ಇಬ್ಬರ ಒಪ್ಪಂದದ್ದು, ಇಲ್ಲಿ ಇಡೀ ನಾಡಿಗೆ ಒಂದೇ. ಇದಕ್ಕೆ ಕೊಟ್ಟಿರುವ ಕಾರಣ ಪಾಠದ ನಡುಗಂಬ: ನೆಲ ದೇವರದ್ದು, ಜನ ಅವನ ಬಳಿ ಬಿಡಾರ ಹೂಡಿದ ಪರದೇಶಿಗಳು. ಕೋಟೆಯೊಳಗಿನ ಪಟ್ಟಣದ ಮನೆಗೆ ಮಾತ್ರ ಬೇರೆ ನಿಯಮ. ಅದನ್ನು ಮಾರಿದವನು ಒಂದು ವರ್ಷದೊಳಗೆ ಬಿಡಿಸಿಕೊಳ್ಳದಿದ್ದರೆ ಅದು ಕೊಂಡವನಿಗೇ ಶಾಶ್ವತ. ಹಳ್ಳಿಯ ಮನೆ ಹೊಲಕ್ಕೆ ಸಮ. ಅನ್ನ ಬೆಳೆಯುವ ನೆಲಕ್ಕೂ ಬರೀ ಗೋಡೆಗೂ ನಡುವಣ ಈ ಭೇದವನ್ನು ಬರೆದವರು ಬೇಸಾಯಗಾರರ ಬದುಕನ್ನು ಹತ್ತಿರದಿಂದ ಕಂಡವರೇ ಇರಬೇಕು.

ಬಿಡುಗಡೆಗೆ ಇಲ್ಲಿ ಬಳಸಿದ ಹೀಬ್ರೂ ಪದ ದೆರೊರ್. ಮೆಸೊಪೊಟೇಮಿಯದ ಅಕ್ಕಾಡಿಯನ್ ಭಾಷೆಯ ಅಂದುರಾರುಮ್ ಇದರ ನೆಂಟ. ಅಲ್ಲಿನ ಅರಸರು ಸಾಲ ಮನ್ನಾ ಮಾಡುವ, ಸಾಲಕ್ಕಾಗಿ ಜೀತಕ್ಕೆ ಬಿದ್ದವರನ್ನು ಬಿಡಿಸುವ ಆಜ್ಞೆಗಳನ್ನು ಹೊರಡಿಸುತ್ತಿದ್ದರು. ಬ್ಯಾಬಿಲೋನಿನಲ್ಲಿ ಹಮ್ಮುರಾಬಿಯ ವಂಶದವನಾದ ಅಮ್ಮಿಸದುಕನ ಅಂಥ ಆಜ್ಞೆಯೊಂದು ಜೇಡಿಮಣ್ಣಿನ ಫಲಕಗಳಲ್ಲಿ ಉಳಿದುಬಂದಿದೆ. ಆದ್ದರಿಂದ ಬಿಡುಗಡೆಯ ಕಲ್ಪನೆ ಇಸ್ರಾಯೇಲ್ಯರು ಮೊದಲಿಗೆ ಕಂಡುಕೊಂಡದ್ದಲ್ಲ. ಆದರೆ ಬ್ಯಾಬಿಲೋನಿನಲ್ಲಿ ಅದು ಅರಸನ ಕೃಪೆ. ಪಟ್ಟಕ್ಕೆ ಬಂದಾಗಲೋ ಮನಸ್ಸು ಬಂದಾಗಲೋ ಕೊಡುವಂಥದ್ದು. ಬೆಹರ್ ಪಾಠದಲ್ಲಿ ಅರಸನ ಸುದ್ದಿಯೇ ಇಲ್ಲ. ದಿನ ಮೊದಲೇ ಗೊತ್ತು. ಸಾಲ ಕೊಡುವವನಿಗೂ ಗೊತ್ತು, ಪಡೆಯುವವನಿಗೂ ಗೊತ್ತು.

ಈ ಕಾಲದ ಚೌಕಟ್ಟಿನೊಳಗೆ ಒಬ್ಬ ಮನುಷ್ಯ ಹಂತಹಂತವಾಗಿ ಕೆಳಕ್ಕೆ ಜಾರುವ ಕಥೆ ಅಡಗಿದೆ. ನಿನ್ನ ಸಹೋದರ ಬಡವನಾದರೆ ಎಂಬ ಮಾತು 25, 35, 39, 47ನೆಯ ವಚನಗಳಲ್ಲಿ ನಾಲ್ಕು ಸಲ ಬರುತ್ತದೆ, ಪ್ರತಿ ಸಲವೂ ಒಂದು ಮೆಟ್ಟಿಲು ಕೆಳಗೆ. ಮೊದಲು ಅವನು ಹೊಲದ ಒಂದು ಪಾಲು ಮಾರುತ್ತಾನೆ. ಆಮೇಲೆ ಕೈಸಾಲಕ್ಕೆ ಇಳಿಯುತ್ತಾನೆ. ಅನಂತರ ಸ್ವಜನರಲ್ಲೇ ಒಬ್ಬನಿಗೆ ತನ್ನನ್ನು ಮಾರಿಕೊಳ್ಳುತ್ತಾನೆ. ಕೊನೆಗೆ ನೆಲೆಸಿದ ಪರದೇಶಿಯ ಮನೆಯ ಆಳಾಗುತ್ತಾನೆ. ಪ್ರತಿ ಮೆಟ್ಟಿಲಲ್ಲೂ ಹಿಡಿದು ನಿಲ್ಲಿಸುವ ಒಂದು ಕೈ ಇದೆ. ಹೊಲ ಹೋದರೆ ಹತ್ತಿರದ ದಾಯಾದಿ ಅದನ್ನು ಬಿಡಿಸಿಕೊಡಬೇಕು. ಹೀಗೆ ಬಿಡಿಸುವವನೇ ಗೊಎಲ್. ಬೈಬಲ್ಲಿನ ರೂತಳ ಕಥೆಯಲ್ಲಿ ಬೋವಜ ಎಂಬ ಬಂಧು ಮಾಡಿದ್ದು ಈ ಕೆಲಸವನ್ನೇ. ಸಾಲಕ್ಕಿಳಿದರೆ ಬಡ್ಡಿ ಇಲ್ಲದೆ ಕೊಡಬೇಕು. ಮಾರಿಕೊಂಡರೆ ಅವನನ್ನು ಗುಲಾಮನಂತಲ್ಲ, ಕೂಲಿಯಾಳಿನಂತೆ ನಡೆಸಿಕೊಳ್ಳಬೇಕು. ಪರದೇಶಿಯ ಕೈಗೆ ಹೋದರೂ ಉಳಿದ ವರ್ಷಗಳ ಕೂಲಿ ಲೆಕ್ಕಹಾಕಿ ಬಿಡಿಸಿಕೊಳ್ಳುವ ಹಕ್ಕು ಬಂಧುಗಳಿಗೂ ಅವನಿಗೂ ಇದ್ದೇ ಇರುತ್ತದೆ. ಒಂದು ಕೈ ತಪ್ಪಿದರೆ ಇನ್ನೊಂದು. ಎಲ್ಲ ಕೈಗಳೂ ತಪ್ಪಿದರೆ ಕೊನೆಗೆ ಯೊವೆಲ್.

ಎರಡನೆಯ ಮೆಟ್ಟಿಲಿಗೆ ರಬ್ಬಿಗಳು ಒಂದು ಹೋಲಿಕೆ ಕೊಟ್ಟಿದ್ದಾರೆ. ಕತ್ತೆಯ ಬೆನ್ನ ಮೇಲಿನ ಹೊರೆ ವಾಲುತ್ತಿರುವಾಗ ಒಬ್ಬನೇ ಹಿಡಿದು ನೆಟ್ಟಗೆ ಮಾಡಬಲ್ಲ. ಅದು ನೆಲಕ್ಕೆ ಬಿದ್ದ ಮೇಲೆ ಐವರಿಂದಲೂ ಎತ್ತಲಾಗದು. ಮೈಮೊನಿಡಿಸ್ ದಾನಕ್ಕೆ ಎಂಟು ಮೆಟ್ಟಿಲುಗಳನ್ನು ಹೇಳಿ, ಎಲ್ಲಕ್ಕಿಂತ ಮೇಲಿನದಕ್ಕೆ 35ನೆಯ ವಚನವನ್ನೇ ಆಧಾರ ಮಾಡಿಕೊಂಡ. ಬೀಳಲಿರುವವನಿಗೆ ಸಾಲ ಕೊಡುವುದು, ವ್ಯಾಪಾರದಲ್ಲಿ ಪಾಲು ಕೊಡುವುದು, ಕೆಲಸ ಹಚ್ಚುವುದು, ಅವನು ಇನ್ನೊಬ್ಬರ ಮುಂದೆ ಕೈಯೊಡ್ಡದಂತೆ ಮಾಡುವುದು, ಇದು ಮೊದಲ ದಾನ. ಬಡ್ಡಿಗೆ ಹೀಬ್ರೂವಿನಲ್ಲಿರುವ ನೆಶೆಖ್ ಎಂಬ ಪದದ ಬೇರು ‘ಕಡಿ’ ಎಂಬ ಧಾತು. ಹಾವು ಕಾಲಿಗೆ ಕಡಿದಾಗ ಗಾಯ ಸಣ್ಣದು, ಗೊತ್ತೂ ಆಗದು. ಮೈಯೆಲ್ಲ ಏರಿದ ಮೇಲೆ ತಿಳಿಯುತ್ತದೆ ಎಂದು ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಸಾಲಗಾರರ ಮನೆಯಲ್ಲಿ ಬೆಳೆದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಡ್ಡಿಯನ್ನು ನಿಷೇಧಿಸುವ ವಾಕ್ಯದ ಕೊನೆಯಲ್ಲಿ, ಸಹೋದರನು ನಿನ್ನ ಸಂಗಡ ಬದುಕಲಿ ಎಂಬ ಅರ್ಥದ ಮಾತಿದೆ. ರಬ್ಬಿಗಳ ಶಾಸ್ತ್ರಚರ್ಚೆಗಳ ಸಂಗ್ರಹವಾದ ತಾಲ್ಮೂದಿನ ಹೆಸರಾಂತ ಚರ್ಚೆಯೊಂದು ಇದರಿಂದಲೇ ಹುಟ್ಟಿದ್ದು. ಇಬ್ಬರು ಮರುಭೂಮಿಯಲ್ಲಿ ನಡೆಯುತ್ತಿದ್ದಾರೆ, ಒಬ್ಬನ ಕೈಯಲ್ಲಿ ಮಾತ್ರ ನೀರಿದೆ. ಇಬ್ಬರೂ ಕುಡಿದರೆ ಇಬ್ಬರೂ ಸಾಯುತ್ತಾರೆ, ಒಬ್ಬನೇ ಕುಡಿದರೆ ಅವನು ಊರು ಮುಟ್ಟುತ್ತಾನೆ. ಒಬ್ಬನ ಸಾವನ್ನು ಇನ್ನೊಬ್ಬ ನೋಡುತ್ತ ನಿಲ್ಲುವ ಬದಲು ಇಬ್ಬರೂ ಕುಡಿಯಲಿ ಎಂದ ಬೆನ್ ಪೆತುರಾ. ರಬ್ಬಿ ಅಕಿವಾ ‘ನಿನ್ನ ಸಂಗಡ’ ಎಂಬ ಪದವನ್ನು ಹಿಡಿದು, ಸಂಗಡ ಬದುಕಬೇಕಾದರೆ ಮೊದಲು ನೀನು ಬದುಕಿರಬೇಕು, ನೀರು ಹಿಡಿದವನ ಜೀವವೇ ಮೊದಲು ಎಂದ. ಪರಂಪರೆ ಅಕಿವಾನ ಮಾತನ್ನು ಹಿಡಿಯಿತು, ಆದರೂ ಬೆನ್ ಪೆತುರಾನ ಮಾತನ್ನು ಅಳಿಸಲಿಲ್ಲ. ಎರಡನ್ನೂ ಇಂದಿಗೂ ಒಟ್ಟಿಗೇ ಓದುತ್ತಾರೆ.

ಪಾಠದ ಕರುಣೆಗೆ ಒಂದು ಗಡಿ ಇದೆ, ಅದನ್ನು ಮರೆಮಾಚುವುದು ಸರಿಯಲ್ಲ. 44ರಿಂದ 46ನೆಯ ವಚನಗಳು ಅನ್ಯ ಜನಾಂಗದವರನ್ನು ಗುಲಾಮರಾಗಿ ಕೊಳ್ಳಲು, ಮಕ್ಕಳಿಗೆ ಆಸ್ತಿಯಾಗಿ ಬಿಟ್ಟುಹೋಗಲು ಅನುಮತಿ ಕೊಡುತ್ತವೆ. ಅವರಿಗೆ ಯೊವೆಲ್ ಇಲ್ಲ. 19ನೆಯ ಶತಮಾನದ ಅಮೆರಿಕದಲ್ಲಿ ಗುಲಾಮಗಿರಿಯನ್ನು ಸಮರ್ಥಿಸಿದವರು ಈ ವಚನಗಳನ್ನೇ ಎತ್ತಿ ಹಿಡಿದರು. ಎದುರು ಪಕ್ಷದವರು ಹಿಡಿದದ್ದು ಇದೇ ಅಧ್ಯಾಯದ 10ನೆಯ ವಚನವನ್ನು, ನಾಡಿನ ನಿವಾಸಿಗಳೆಲ್ಲರಿಗೂ ಬಿಡುಗಡೆ ಸಾರುವ ವಚನವನ್ನು. ಪೆನ್ಸಿಲ್ವೇನಿಯದ ಸಭಾಭವನಕ್ಕಾಗಿ 1751ರಲ್ಲಿ ಲಂಡನ್ನಿಗೆ ಹೇಳಿಕಳುಹಿಸಿ ತರಿಸಿದ ಗಂಟೆಯ ಮೇಲೆ ಅದನ್ನು ಕೆತ್ತಿಸಲಾಗಿತ್ತು. 1830ರ ದಶಕದಲ್ಲಿ ಗುಲಾಮಗಿರಿ ವಿರೋಧಿ ಹೋರಾಟಗಾರರು ಆ ಗಂಟೆಯನ್ನು ತಮ್ಮ ಗುರುತಾಗಿ ಮಾಡಿಕೊಂಡರು; ಲಿಬರ್ಟಿ ಬೆಲ್ ಎಂಬ ಹೆಸರು ನೆಲೆಗೊಂಡದ್ದು ಅವರಿಂದ. ಒಂದೇ ಅಧ್ಯಾಯ ಬೇಡಿಗೂ ಆಧಾರವಾಯಿತು, ಬೇಡಿ ಕಳಚುವವರಿಗೂ ಆಧಾರವಾಯಿತು. ಕಳೆದ ಶತಮಾನದ ಕೊನೆಯಲ್ಲಿ ಬಡ ದೇಶಗಳ ವಿದೇಶಿ ಸಾಲ ಮನ್ನಾ ಆಗಲೆಂದು ನಡೆದ ಚಳವಳಿ ಜುಬಿಲಿ 2000 ಎಂಬ ಹೆಸರಿಟ್ಟುಕೊಂಡದ್ದೂ ಈ ಪಾಠದಿಂದಲೇ.

ಮಾರುವಾಗ ಕೊಳ್ಳುವಾಗ ಒಬ್ಬರನ್ನೊಬ್ಬರು ನೋಯಿಸಬೇಡಿ ಎಂಬ ಅರ್ಥದ ಮಾತು 14ನೆಯ ವಚನದಲ್ಲಿದೆ, ನೋಯಿಸಬೇಡಿ ಎಂಬುದು 17ರಲ್ಲಿ ಮತ್ತೆ ಬರುತ್ತದೆ. ತೋರಾದಲ್ಲಿ ಮಾತು ಸುಮ್ಮನೆ ಮರುಕಳಿಸದು ಎಂಬುದು ರಬ್ಬಿಗಳ ನಂಬಿಕೆ. ಹಾಗಾಗಿ ಮೊದಲನೆಯದು ಹಣದ ಮೋಸಕ್ಕೆ, ಎರಡನೆಯದು ಮಾತಿನ ನೋವಿಗೆ ಎಂದು ಅವರು ಬೇರೆ ಮಾಡಿದರು. ಕೊಳ್ಳುವ ಮನಸ್ಸಿಲ್ಲದಿದ್ದರೆ ಅಂಗಡಿಯವನನ್ನು ಬೆಲೆ ಕೇಳಬಾರದು. ತಿದ್ದಿಕೊಂಡವನಿಗೆ ಹಳೆಯ ನಡತೆಯನ್ನು ನೆನಪಿಸಬಾರದು. ಹಣ ಹೋದರೆ ಹಿಂದಿರುಗಿಸಬಹುದು, ಮಾತು ಮಾಡಿದ ಗಾಯಕ್ಕೆ ಹಾಗಿಲ್ಲ, ಆದ್ದರಿಂದ ಎರಡನೆಯದೇ ಹೆಚ್ಚಿನ ತಪ್ಪು.

ಇದೆಲ್ಲ ಎಂದಾದರೂ ಆಚರಣೆಯಲ್ಲಿತ್ತೇ? ಯೊವೆಲ್ ಬಗ್ಗೆ ಸಾಕ್ಷ್ಯ ತೀರ ತೆಳು. ನಾಡಿನ ನಿವಾಸಿಗಳೆಲ್ಲರೂ ಅಲ್ಲಿರುವಾಗ ಮಾತ್ರ ಅದು ಸಲ್ಲುತ್ತದೆ, ಅಸ್ಸೀರಿಯದವರು ಯೊರ್ದನ್ ನದಿಯಾಚೆಯ ಕುಲಗಳನ್ನು ಸೆರೆಯೊಯ್ದಾಗ ನಿಂತುಹೋಯಿತು ಎಂದು ತಾಲ್ಮೂದ್ ಹೇಳುತ್ತದೆ. ಬಿಡುಗಡೆ ಕೊಟ್ಟು ಹಿಂದೆಗೆದ ಕಥೆಯೊಂದು ಪ್ರವಾದಿ ಯೆರೆಮೀಯನ ಗ್ರಂಥದಲ್ಲಿದೆ. ಜೆರುಸಲೇಮಿಗೆ ಮುತ್ತಿಗೆ ಬಿದ್ದಾಗ ಅರಸ ಚಿದ್ಕೀಯನ ಕಾಲದ ಧನಿಕರು ಜೀತದವರನ್ನು ಬಿಟ್ಟರು, ಅಪಾಯ ಸರಿದಂತೆ ಕಂಡೊಡನೆ ಮತ್ತೆ ಹಿಡಿದು ತಂದರು. ಏಳನೆಯ ವರ್ಷದ ಆಚರಣೆಗೆ ಮಾತ್ರ ಗಟ್ಟಿ ಆಧಾರಗಳಿವೆ. ಕ್ರಿ.ಪೂ. 2ನೆಯ ಶತಮಾನದಲ್ಲಿ ಬೇತ್ಚೂರ್ ಕೋಟೆ ವೈರಿಗಳಿಗೆ ಶರಣಾದದ್ದು, ಅದು ಬೀಳಿನ ವರ್ಷವಾಗಿ ಒಳಗೆ ದವಸ ಇಲ್ಲದೆ ಹೋದದ್ದರಿಂದ. ಏಳನೆಯ ವರ್ಷ ಯೆಹೂದ್ಯರಿಂದ ಕಂದಾಯ ವಸೂಲಿ ಬೇಡವೆಂದು ಜೂಲಿಯಸ್ ಸೀಸರ್ ಕೊಟ್ಟ ಆಜ್ಞೆಯನ್ನು ಇತಿಹಾಸಕಾರ ಜೋಸೆಫಸ್ ದಾಖಲಿಸಿದ್ದಾನೆ. ಬೇತ್ಷೆಯಾನ್ ಕಣಿವೆಯ ರೆಹೋವ್‌ನಲ್ಲಿ ಹಳೆಯ ಸಿನಗಾಗಿನ ನೆಲದ ಮೇಲೆ 29 ಸಾಲುಗಳ ಮೊಸಾಯಿಕ್ ಶಾಸನ ಸಿಕ್ಕಿದೆ. ಏಳನೆಯ ವರ್ಷ ಯಾವ ಊರಲ್ಲಿ ಯಾವುದನ್ನು ಮುಟ್ಟುವಂತಿಲ್ಲ ಎಂಬ ಪಟ್ಟಿ ಅದು. ಸೌತೆ, ಕಲ್ಲಂಗಡಿ, ಎಳ್ಳು, ಸಾಸಿವೆ, ಅಕ್ಕಿ, ಜೀರಿಗೆ, ಬೆಳ್ಳುಳ್ಳಿ ಎಲ್ಲ ಅದರಲ್ಲಿವೆ. ಪ್ರಾರ್ಥನೆಗೆ ಬಂದವರು ಕಾಲಡಿಯಲ್ಲೇ ಸಂತೆಯ ಪಟ್ಟಿಯನ್ನು ಓದಿಕೊಂಡು ಹೋಗುತ್ತಿದ್ದರು.

ಧರ್ಮೋಪದೇಶಕಾಂಡ ಏಳನೆಯ ವರ್ಷದಲ್ಲಿ ಸಾಲವನ್ನೂ ಬಿಡಬೇಕೆನ್ನುತ್ತದೆ. ಇದರಿಂದ ಆದದ್ದೇನು? ಆ ವರ್ಷ ಹತ್ತಿರವಾದಂತೆ ಕೈಸಾಲ ಹುಟ್ಟದಾಯಿತು. ಬಡವರಿಗೆಂದು ಮಾಡಿದ ನಿಯಮ ಬಡವರಿಗೇ ಮುಳುವಾದದ್ದನ್ನು ಕಂಡ ಶಾಸ್ತ್ರಜ್ಞ ಹಿಲ್ಲೆಲ್ ಕ್ರಿ.ಪೂ. 1ನೆಯ ಶತಮಾನದ ಕೊನೆಯ ಸುಮಾರಿಗೆ ಪ್ರೊಸ್ಬುಲ್ ಎಂಬ ಪತ್ರವನ್ನು ಜಾರಿಗೆ ತಂದ. ವಸೂಲಿಯ ಹಕ್ಕನ್ನು ನ್ಯಾಯಸಭೆಗೆ ಒಪ್ಪಿಸಿಬಿಟ್ಟರೆ ಸಾಲ ರದ್ದಾಗುವುದಿಲ್ಲ. ಕೆಲವರಿಗೆ ಇದು ಶಾಸ್ತ್ರವನ್ನು ಸುತ್ತಿಬಳಸಿ ಹೋಗುವ ದಾರಿಯಾಗಿ ಕಾಣುತ್ತದೆ. ಆದರೆ ಹಿಲ್ಲೆಲ್ ಉಳಿಸಲು ಹೊರಟದ್ದು ಶಾಸ್ತ್ರದ ಗುರಿಯನ್ನೇ ಎಂದು ಒಪ್ಪಬೇಕು.

ಇದೇ ಬಗೆಯ ಸಂಕಟ 1888–89ರಲ್ಲಿ ಮರಳಿ ಬಂತು. ಪ್ಯಾಲೆಸ್ತೀನಿನಲ್ಲಿ ಹೊಸದಾಗಿ ಊರು ಕಟ್ಟಿದ ರೈತರಿಗೆ ಒಂದು ವರ್ಷ ಬೇಸಾಯ ನಿಂತರೆ ಬದುಕೇ ನಿಲ್ಲುವ ಸ್ಥಿತಿ. ಕೊವ್ನೊ ನಗರದ ರಬ್ಬಿ ಯಿತ್ಸಾಕ್ ಎಲ್ಹನಾನ್ ಸ್ಪೆಕ್ಟರ್ ಮುಂತಾದವರು, ಆ ವರ್ಷದ ಮಟ್ಟಿಗೆ ನೆಲವನ್ನು ಯೆಹೂದ್ಯೇತರನಿಗೆ ಮಾರಿ ದುಡಿಮೆ ಮುಂದುವರಿಸಲು ಅನುಮತಿ ಕೊಟ್ಟರು. ಜೆರುಸಲೇಮಿನ ಹಲವು ರಬ್ಬಿಗಳು ಕಟುವಾಗಿ ವಿರೋಧಿಸಿದರು. 1909–10ರ ಶ್ಮಿತಾ ಬಂದಾಗ ಯಾಫೋದ ರಬ್ಬಿ ಅವ್ರಹಾಮ್ ಯಿತ್ಸಾಕ್ ಕೂಕ್ ಇದನ್ನು ಸಮರ್ಥಿಸಿ ‘ಶಬ್ಬತ್ ಹಾಆರೆತ್ಸ್’ ಎಂಬ ಗ್ರಂಥ ಬರೆದರು. ಅನುಮತಿ ಕೊಡುತ್ತಲೇ, ನೆಲದ ಬಿಡುವು ಒಂದು ಜನಾಂಗದ ಆತ್ಮಕ್ಕೆ ಏನು ಮಾಡಬಲ್ಲದು ಎಂಬುದನ್ನು ಅದರ ಪೀಠಿಕೆಯಲ್ಲಿ ಅವರು ಬಿಡಿಸಿ ಹೇಳಿದ್ದಾರೆ. ಇಂದಿನ ಇಸ್ರೇಲಿನಲ್ಲಿ ಈ ಮಾರಾಟವನ್ನು ಒಪ್ಪುವವರೂ ಇದ್ದಾರೆ, ಒಪ್ಪದೆ ಆಮದಿನ ತರಕಾರಿ ತಿನ್ನುವವರೂ ಇದ್ದಾರೆ. ರಬ್ಬಿಗಳ ನ್ಯಾಯಸಭೆ ರೈತನನ್ನು ತನ್ನ ಕೆಲಸದವನಾಗಿ ನೇಮಿಸಿ, ಬೆಳೆದದ್ದನ್ನು ದುಡಿಮೆಯ ಖರ್ಚಿನ ಬೆಲೆಗೆ ಹಂಚುವ ಮೂರನೆಯ ದಾರಿಯೂ ಇದೆ. ಬಡ್ಡಿಯ ವಿಷಯದಲ್ಲೂ ಇಂಥದೇ ಏರ್ಪಾಡು: ಸಾಲವನ್ನು ಪಾಲುದಾರಿಕೆಯಾಗಿ ಬರೆಯುವ ಹೆತೇರ್ ಇಸ್ಕಾ ಎಂಬ ಪತ್ರ ಇಸ್ರೇಲಿನ ಬ್ಯಾಂಕುಗಳಲ್ಲೂ ಬಳಕೆಯಲ್ಲಿದೆ. ಕಳೆದ ಶ್ಮಿತಾ 2021–22ರಲ್ಲಿ ಬಂದಿತ್ತು. ಮುಂದಿನದು 2028ರ ಸೆಪ್ಟೆಂಬರಿನಲ್ಲಿ ಶುರುವಾಗುತ್ತದೆ.

ತೋರಾ ಓದಿದ ಮೇಲೆ ಪ್ರವಾದಿಗಳ ಗ್ರಂಥದಿಂದ ಒಂದು ಭಾಗ ಓದುತ್ತಾರೆ. ಅದಕ್ಕೆ ಹಫ್ತಾರಾ ಎಂದು ಹೆಸರು. ಬೆಹರ್ ಒಂಟಿಯಾಗಿ ಬಂದಾಗ ಸಾಮಾನ್ಯವಾಗಿ ಓದುವುದು ಯೆರೆಮೀಯನ 32ನೆಯ ಅಧ್ಯಾಯದ ಭಾಗ. ಬ್ಯಾಬಿಲೋನಿನ ಸೈನ್ಯ ಜೆರುಸಲೇಮನ್ನು ಸುತ್ತುವರಿದಿದೆ. ಊರು ಬೀಳುವುದು ಖಚಿತವೆಂದು ಸಾರಿದ್ದಕ್ಕೇ ಪ್ರವಾದಿಯನ್ನು ಕಾವಲಿನ ಅಂಗಳದಲ್ಲಿ ಸೆರೆಯಿಟ್ಟಿದ್ದಾರೆ. ಚಿಕ್ಕಪ್ಪನ ಮಗ ಹನಮೇಲ ಅಲ್ಲಿಗೆ ಬಂದು, ಅನಾತೋತಿನ ಹೊಲವನ್ನು ಬಿಡಿಸಿಕೊಳ್ಳುವ ಹಕ್ಕು ನಿನ್ನದು, ಕೊಂಡುಕೋ ಎನ್ನುತ್ತಾನೆ. ಆ ಹೊಲ ನಾಳೆಯೇ ವೈರಿಯ ಪಾಲಾಗಬಹುದು. ಯೆರೆಮೀಯ 17 ಶೆಕೆಲ್ ಬೆಳ್ಳಿಯನ್ನು ತೂಗಿ ಕೊಡುತ್ತಾನೆ. ಕ್ರಯಪತ್ರ ಬರೆದು, ಮುದ್ರೆ ಒತ್ತಿ, ಸಾಕ್ಷಿ ಹಾಕಿಸುತ್ತಾನೆ. ಎಲ್ಲರ ಎದುರಿಗೆ ಪತ್ರವನ್ನು ತನ್ನ ಲಿಪಿಕಾರ ಬಾರೂಕನ ಕೈಗಿತ್ತು, ಬಹುಕಾಲ ಕೆಡದೆ ಉಳಿಯಲೆಂದು ಅದನ್ನು ಮಣ್ಣಿನ ಗಡಿಗೆಯಲ್ಲಿ ಇಡಿಸುತ್ತಾನೆ.